ಸಾವಿರದ ಇನ್ನೂರು ಕಿಲೋಮೀಟರು ನಡೆದ ಹೆಡ್‌ಕ್ಲರ್ಕು

ನಮ್ಮ ಇಲಾಖೆಯಲ್ಲಿ ಹೆಡ್‌ಕ್ಲರ್ಕರಷ್ಟು ಆರೋಗ್ಯವಂತರು ಬೇರೊಬ್ಬರಿಲ್ಲ ಎಂದು ಆಗ ಎಲ್ಲರೂ ನಂಬಿದ್ದರು. ನಂಬಿಕೆಗೆ ಆಧಾರವೂ ಇತ್ತು. ಅವರ ಮನೆಯ ಎಲಿಪ್ಟಿಕಲ್ ಯಂತ್ರದ ಮೀಟರು ಎಂಟು ತಿಂಗಳಲ್ಲಿ ಸಾವಿರದ ಇನ್ನೂರು ಕಿಲೋಮೀಟರು ತೋರಿಸಿತ್ತು.

ಯಂತ್ರವನ್ನು ನೋಡದವರಿಗೆ ಹೇಳುವುದಾದರೆ, ಅದಕ್ಕೆ ಎರಡು ಪೆಡಲು, ಎರಡು ಉದ್ದನೆಯ ಹಿಡಿ. ಪೆಡಲುಗಳ ಮೇಲೆ ನಿಂತು, ಹಿಡಿಗಳನ್ನು ಹಿಂದೆ ಮುಂದೆ ಆಡಿಸುತ್ತ ಎಷ್ಟೇ ನಡೆದರೂ ಮನುಷ್ಯ ಹೊರಟಲ್ಲೇ ಇರುತ್ತಾನೆ. ನಮ್ಮ ಇಲಾಖೆಗೆ ಈ ತತ್ವವನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ‘ಮನೆಯಲ್ಲೇ ಆರೋಗ್ಯ’ ಅಭಿಯಾನದಡಿ ಪ್ರತಿ ವಿಭಾಗದ ಮುಖ್ಯಸ್ಥರ ಮನೆಗೂ ಒಂದೊಂದು ಯಂತ್ರ ಹೋಯಿತು. ತಿಂಗಳಿಗೊಮ್ಮೆ ಸಿಬ್ಬಂದಿಯೊಬ್ಬ ಹೋಗಿ, ಕರೆಂಟ್ ಮೀಟರು ಓದಿದ ಹಾಗೆ, ರೀಡಿಂಗ್ ಬರೆದುಕೊಂಡು ಬರುತ್ತಿದ್ದ.

ಹೆಡ್‌ಕ್ಲರ್ಕು ಅದನ್ನು ಮೂರು ದಿನ ಬಳಸಿದರು. ನಾಲ್ಕನೆಯ ದಿನ ಅದರ ಹಿಡಿಗೆ ಒದ್ದೆ ಟವೆಲು ಬಂತು. ಎರಡನೆಯ ವಾರ ಅವರ ಹೆಂಡತಿ ಟವೆಲನ್ನು ತೆಗೆದು ಪಕ್ಕಕ್ಕಿಟ್ಟು ತಾವು ಹತ್ತಿದರು. ಅಂದಿನಿಂದ ದಿನಕ್ಕೆ ಒಂದು ಗಂಟೆ, ತಪ್ಪದೆ.

ಒಂಬತ್ತನೆಯ ತಿಂಗಳು ಹೆಡ್‌ಕ್ಲರ್ಕರಿಗೆ ಉಸಿರು ಕಟ್ಟತೊಡಗಿತು. ಇಲಾಖೆಯ ಹೊರಗಿನ ಒಬ್ಬ ಹೃದಯದ ಡಾಕ್ಟರು ಇಸಿಜಿ ಗ್ರಾಫನ್ನು ಎರಡು ಸಲ ನೋಡಿದರು. “ಒಂದು ತಿಂಗಳು ಪೂರ್ತಿ ವಿಶ್ರಾಂತಿ ತಗೊಳ್ಳಿ. ಇಲ್ಲಾಂದ್ರೆ ಮತ್ತೆ ನನ್ನ ಹತ್ರ ಬರೋ ತೊಂದರೆ ಇರಲ್ಲ” ಎಂದರು.

ರಜೆಯ ಅರ್ಜಿ ಮೂರೇ ದಿನದಲ್ಲಿ ಹಿಂದಕ್ಕೆ ಬಂತು. ಇಷ್ಟು ಬೇಗ ನಮ್ಮಲ್ಲಿ ಯಾವುದೂ ಹಿಂದಕ್ಕೆ ಬಂದದ್ದಿಲ್ಲ. ಅಭಿಯಾನದ ನಿಯಮ ಹದಿನಾಲ್ಕರ ಪ್ರಕಾರ, ಗೃಹಯಂತ್ರದಲ್ಲಿ ತಿಂಗಳಿಗೆ ನೂರು ಕಿಲೋಮೀಟರಿಗೆ ಮೇಲ್ಪಟ್ಟು ದಾಖಲಾದ ನೌಕರನನ್ನು ಅಸ್ವಸ್ಥನೆಂದು ಪರಿಗಣಿಸತಕ್ಕದ್ದಲ್ಲ. ಇಲಾಖೆಯ ವೈದ್ಯರು ರಕ್ತದೊತ್ತಡ ನೋಡಿದರು, ಆಮೇಲೆ ರೀಡಿಂಗ್ ನೋಡಿದರು, ಆಮೇಲೆ ರಕ್ತದೊತ್ತಡ ಅಳೆಯುವ ಉಪಕರಣವನ್ನು ರಿಪೇರಿಗೆ ಕಳಿಸಿದರು.

ಹೆಡ್‌ಕ್ಲರ್ಕು ನಿರ್ದೇಶಕರ ಮುಂದೆ ನಿಂತರು.

“ಸಾರ್, ನಡೆದದ್ದು ನಾನಲ್ಲ. ನನ್ನ ಹೆಂಡತಿ.”

“ಯಂತ್ರ ಯಾರ ಹೆಸರಲ್ಲಿದೆ?”

“ನನ್ನ ಹೆಸರಲ್ಲೇ ಸಾರ್.”

“ಮತ್ತೆ? ನಡೆದವರು ಯಾರು ಅನ್ನೋಕೆ ಕಾಲಮ್ಮೇ ಇಲ್ಲ ಕಣ್ರೀ. ಇಲ್ಲದ ಕಾಲಮ್ಮಲ್ಲಿ ನಾನೇನು ಬರೀಲಿ? ಒಂದು ಕೆಲಸ ಮಾಡಿ. ಒಂದು ತಿಂಗಳು ರೀಡಿಂಗ್ ನೂರರೊಳಗೆ ತನ್ನಿ. ಆಮೇಲೆ ಧಾರಾಳವಾಗಿ ಕಾಯಿಲೆ ಬೀಳಿ.”

ಮನೆಗೆ ಬಂದಾಗ ಹೆಂಡತಿ ಯಂತ್ರದ ಮೇಲಿದ್ದರು.

“ಒಂದು ತಿಂಗಳು ಇದರಿಂದ ಇಳೀತೀಯೇನೇ?”

“ಯಾಕೆ?” ಪೆಡಲು ನಿಲ್ಲಲಿಲ್ಲ.

“ನನಗೆ ಹುಷಾರಿಲ್ಲ ಅಂತ ಆಗಬೇಕು.”

“ಮುಖ ನೋಡಿದ್ರೆ ಗೊತ್ತಾಗಲ್ವಂತಾ ಅವರಿಗೆ? ಇಪ್ಪತ್ತೆರಡು ವರ್ಷ ಆದ್ಮೇಲೆ, ಟೀ ಆಯ್ತಾ ಅಂತ ಯಾರೂ ಕೇಳದ ಒಂದು ಗಂಟೆ ಸಿಕ್ಕಿದೆ ರೀ ನನಗೆ.” ಹೀಗೆಂದು ಗಂಡನ ಮುಖವನ್ನು ತಾವೇ ಒಮ್ಮೆ ನೋಡಿದರು. ಪೆಡಲು ನಿಂತಿತು. ಟವೆಲು ಮತ್ತೆ ಹಿಡಿಗೆ ಬಂತು.

ಆ ತಿಂಗಳು ಪೂರ್ತಿ ಹೆಡ್‌ಕ್ಲರ್ಕು ಎದೆಯ ಮೇಲೆ ಒಂದು ಕೈ ಇಟ್ಟುಕೊಂಡು ಇನ್ನೊಂದು ಕೈಯಲ್ಲಿ ಕಡತಗಳಿಗೆ ಸಹಿ ಹಾಕಿದರು. ಕೊನೆಗೆ ಸಿಬ್ಬಂದಿ ಬಂದು ಮೀಟರು ಓದಿದ. ಆ ತಿಂಗಳಿನ ಲೆಕ್ಕ ನೂರಾ ಎಂಟು.

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಳಗಿನಿಂದ ಹೆಡ್‌ಕ್ಲರ್ಕರ ತಾಯಿ, ಎಪ್ಪತ್ತನಾಲ್ಕರ ಹೆಂಗಸು, ಹೇಳಿದರು: “ಮಧ್ಯಾಹ್ನ ಹೊತ್ತು ಖಾಲಿ ಬಿದ್ದಿತ್ತಲ್ಲಪ್ಪ, ಹತ್ತಿದೆ. ಮೊದಲು ನಿನ್ನ ಹೆಂಡತಿ ಎಲ್ಲಿ ಬಿಟ್ಕೊಡ್ತಿದ್ಲು?”

ಮಿತಿಗಿಂತ ಎಂಟು ಕಿಲೋಮೀಟರು ಹೆಚ್ಚಿನ ಆರೋಗ್ಯವನ್ನು ಕಡತಕ್ಕೆ ಸೇರಿಸಲಾಯಿತು.

ಇನ್ನು ಉಳಿದದ್ದು ಮೇಲ್ಮನವಿ. ಅದರ ವಿಚಾರಣಾ ಸಮಿತಿ ಮೂರನೆಯ ಮಹಡಿಯಲ್ಲಿ ಕೂಡುತ್ತದೆ. ಅರ್ಜಿದಾರರು ಖುದ್ದಾಗಿ ಹಾಜರಾಗಬೇಕು. ತಪ್ಪಿದಲ್ಲಿ ಗುಣಮುಖರಾಗಿದ್ದಾರೆಂದು ಭಾವಿಸಲಾಗುವುದು. ವಿಚಾರಣೆಯ ದಿನ ಹನ್ನೊಂದು ಗಂಟೆಗೆ ಹೆಡ್‌ಕ್ಲರ್ಕರ ಹೆಂಡತಿ ಡಾಕ್ಟರ ಚೀಟಿ ಹಿಡಿದು ಒಳಗೆ ಬಂದರು.

“ಅವರು ಬರ್ತಿದ್ದಾರೆ. ಸ್ವಲ್ಪ ಹೊತ್ತು ಇರಿ.”

“ಅಭಿಯಾನಕ್ಕೋಸ್ಕರ ಲಿಫ್ಟು ನಿಲ್ಲಿಸಿದ್ದೀವಿ. ಹತ್ತಿಕೊಂಡೇ ಬಂದ್ರಾ ತಾಯಿ?” ಅಧ್ಯಕ್ಷರು ಕೇಳಿದರು.

“ಹೌದು.”

“ಮೂರು ಮಹಡಿ! ಉಸಿರು ಒಂಚೂರೂ ಹೆಚ್ಚಿಲ್ಲ, ನೋಡ್ರಪ್ಪ. ಹೆಂಡತಿಯೇ ಹೀಗಿದ್ದ ಮೇಲೆ, ಯಂತ್ರ ಯಾರ ಹೆಸರಲ್ಲಿದೆಯೋ ಆ ಮನುಷ್ಯ ಇನ್ನು ಹೇಗಿರಬೇಡ!”

ಅರ್ಜಿದಾರರ ಕುಟುಂಬವು ಏದುಸಿರಿಲ್ಲದೆ ಹಾಜರಾಗಿದೆ ಎಂದು ನಡಾವಳಿಯಲ್ಲಿ ಬರೆಯಲಾಯಿತು.

“ಯಾರಾದ್ರೂ ಒಬ್ಬರು ನನ್ನ ಜೊತೆ ಬಂದು ಅವರನ್ನ ನೋಡಿ ಸಾರ್.”

“ಈ ಕೋಣೆ ಬಿಟ್ರೆ ನಾವು ಸಮಿತಿ ಅಲ್ಲ ತಾಯಿ, ಬರೀ ಐದು ಜನ.”

ಹನ್ನೆರಡಾಯಿತು. ಅರ್ಜಿದಾರರು ಗುಣಮುಖರಾಗಿದ್ದಾರೆಂದು ಸರ್ವಾನುಮತದಿಂದ ತೀರ್ಮಾನಿಸಿ, ಅಭಿನಂದನಾ ಪತ್ರವೊಂದನ್ನು ಅಲ್ಲೇ ಟೈಪು ಮಾಡಿಸಲಾಯಿತು. ತೆಗೆದುಕೊಳ್ಳಲು ಯಾರೂ ಇರಲಿಲ್ಲ. ಹೆಂಡತಿ ಆಗಲೇ ಕೆಳಗೆ ಓಡಿದ್ದರು. ಅಂಚೆಯಲ್ಲಿ ಕಳಿಸುವುದೆಂದು ಠರಾವು ಮಾಡಿ ಎಲ್ಲರೂ ಚಪ್ಪಾಳೆ ತಟ್ಟಿದರು.

ಹೆಡ್‌ಕ್ಲರ್ಕು ಒಂಬತ್ತನೆಯ ಮೆಟ್ಟಿಲಲ್ಲಿ ಕೂತಿದ್ದರು.