ಗೆಳೆಯನಿಗಿಟ್ಟ ಸ್ವೀಡಿಷ್ ಹೆಸರು

ತಪ್ಪು ನನ್ನದೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ನೀವಾಗಿ ಕಂಡುಹಿಡಿದರೆ ಉಳಿದ ಮರ್ಯಾದೆಯೂ ಹೋಗುತ್ತದೆ. ಸಿಕ್ಕವರ ದನಿಯನ್ನೆಲ್ಲ ಅಣಕಿಸುವುದು ನನ್ನ ಚಟ. ಟೆಕ್ಸಾಸಿನಲ್ಲಿ ನಾವಿದ್ದ ಕಡೆಯ ಕ್ಯಾರಲ್ಟನ್ನಿನ ಇಂಡಿಯನ್ ಅಂಗಡಿಯಲ್ಲಿ ಒಂದೊಂದೇ ಬೆಂಡೆಕಾಯಿಯ ತುದಿ ಮುರಿದು ನೋಡುವ ಆಂಟಿಯನ್ನೂ ಬಿಟ್ಟವನಲ್ಲ. ನನ್ನನ್ನೂ ಅಣಕಿಸಿಕೊಳ್ಳುತ್ತೇನೆ, ಅದಕ್ಕೆ ಮಾತ್ರ ಯಾರೂ ನಗುವುದಿಲ್ಲ.

ಲಾಸ್ ಕೊಲಿನಾಸ್‌ನ ನಮ್ಮ ಆಫೀಸಿನಲ್ಲಿ ಲಾರ್ಸ್ ಎಂಬ ಸ್ವೀಡನ್ನಿನವನಿದ್ದ. ನನ್ನ ರೂಮ್‌ಮೇಟ್, ಧಾರವಾಡದ ಗುರುಸಿದ್ಧ, ಮೀಟಿಂಗಿನಲ್ಲಿ ಖಡಕ್ ರೊಟ್ಟಿ ಕಟಕಟ ಕಡಿಯುವುದನ್ನು ನೋಡಿ ಲಾರ್ಸ್ ಒಂದು ದಿನ, "ಇವನು ಸ್ವಲ್ಪ ಏಗೆನ್" ಎಂದ. ಏಗೆನ್ ಎಂದರೆ ಸ್ವಂತದ್ದು. ವಿಚಿತ್ರ ಎಂದೂ ಹೌದಂತೆ. ಡೆನ್ಮಾರ್ಕ್, ನಾರ್ವೆಯವರಿಗೂ ಅದೇ ಮಾತು, ಜರ್ಮನ್ನರಿಗೆ ಐಗೆನ್. ತನ್ನದೇ ಆದದ್ದೆಲ್ಲ ಪಕ್ಕದವರಿಗೆ ವಿಚಿತ್ರ ಎಂದು ಅಷ್ಟೂ ದೇಶದವರು ಕೂತು ತೀರ್ಮಾನಿಸಿದಂತಿತ್ತು. ಗುರುವಿಗೆ ಆ ಹೆಸರನ್ನೇ ಇಟ್ಟೆ. "ಹಂಗಂದ್ರೇನ್ಲೇ?" ಎಂದ. ವಿಚಿತ್ರ ಎಂಬುದನ್ನಷ್ಟೇ ಹೇಳಿ, ಸ್ವಂತದ್ದು ಎಂಬ ಅರ್ಥವನ್ನು ಜೇಬಿಗೆ ಹಾಕಿಕೊಂಡೆ. ಪಾಪ, ನಕ್ಕ.

ಪ್ರತಿ ಭಾನುವಾರ ಬೆಳಿಗ್ಗೆ ಅವನು ಫೋನ್ ಕಾರ್ಡಿನ ನಂಬರ್ ಕೆರೆದು ಊರಿನಲ್ಲಿದ್ದ ತಾಯಿಗೆ ಫೋನ್ ಮಾಡುತ್ತಿದ್ದ. "ಇಡ್ಲೇನ್ ಯವ್ವಾ? ಇಡ್ತೀನಿ ಮತ್ತ" ಎಂದು ಹತ್ತು ಸಲ ಹೇಳುವನು, ಇಡುವವನಲ್ಲ. ಕಾರ್ಡು ಮುಗಿದು ಲೈನ್ ಕಟ್ಟಾದ ಮೇಲೂ ರಿಸೀವರ್ ಹಿಡಿದು, ಮೆಲ್ಲಗೆ ಇನ್ನೊಮ್ಮೆ, "ಯವ್ವಾ?" ಎನ್ನುವನು. ಗೋಡೆಯಾಚೆ ಕೂತು ನಾನದನ್ನು ಬಾಯಿಪಾಠ ಮಾಡಿದ್ದೆ.

ಕನ್ನಡ ಸಂಘದ ಯುಗಾದಿ ಕಾರ್ಯಕ್ರಮದಲ್ಲಿ 'ಏಗೆನ್‌ನ ಫೋನು' ಎಂದು ಆಡಿ ತೋರಿಸಿದೆ. ಆ ಕೊನೆಯ "ಯವ್ವಾ?"ವನ್ನೂ ಬಿಡಲಿಲ್ಲ. ಜನ ಬಿದ್ದು ಬಿದ್ದು ನಕ್ಕರು. ಗುರು ಮೂರನೆಯ ಸಾಲಿನಲ್ಲಿ ಹೋಳಿಗೆಯ ತಟ್ಟೆ ಹಿಡಿದು ಕೂತಿದ್ದ. ಊಟದ ಸಾಲಿನಲ್ಲಿ ಮಕ್ಕಳು ಅವನನ್ನು ಮುತ್ತಿಕೊಂಡು, "ಏಗೆನ್ ಅಂಕಲ್, ಡೂ ದಿ ಫೋನ್ ಥಿಂಗ್!" ಎಂದು ಕೂಗಿದರು.

ಮರುದಿನ ಅವನು, "ಕಾಫಿ ಕುಡೀತೀರೇನ್ರಿ?" ಎಂದ. ನಾನು ಮೈಸೂರಿನವನು, ಮರ್ಯಾದೆ ಹೆಚ್ಚಾಯಿತೆಂದು ಹಿಗ್ಗಿದೆ. ಧಾರವಾಡದ ಗೆಳೆಯ 'ಲೇ' ಬಿಟ್ಟು 'ರಿ'ಗೆ ಬಂದರೆ ಗೆಳೆತನ ಮುಗಿಯಿತೆಂದು ತಿಳಿಯಲು ವಾರ ಬೇಕಾಯಿತು. ಅಷ್ಟರಲ್ಲಿ ಮನೆಯೊಳಗಿನ ಫೋನು ನಿಂತಿತ್ತು. ಭಾನುವಾರ ಅವನು ಪೆಟ್ರೋಲ್ ಬಂಕಿನ ಬಿಸಿಲಲ್ಲಿ, ಪೇ ಫೋನಿಗೆ ಒತ್ತಿಕೊಂಡು, ಸುತ್ತ ಯಾರೂ ಇಲ್ಲವೆಂದು ನೋಡಿ ನೋಡಿ ಮಾತಾಡುವುದನ್ನು ಕಂಡೆ. ತಿಂಗಳಾಗುವುದರೊಳಗೆ ಫ್ಲವರ್ ಮೌಂಡ್ ಎಂಬ ಹತ್ತಿರದ ಊರಿಗೆ ಶಿಫ್ಟ್ ಆಗಲು ಡಬ್ಬ ಕಟ್ಟಿದ.

ಬಾಗಿಲಲ್ಲಿ ಅಡ್ಡ ನಿಂತೆ. ಅವನು ಉಳಿಯಬೇಕಿತ್ತು ನನಗೆ. ಆದರೆ ಬಾಯಿ ತೆರೆದರೆ ಬಂದದ್ದು ನಮ್ಮ ಅಪಾರ್ಟ್‌ಮೆಂಟ್ ಮ್ಯಾನೇಜರನ ಟೆಕ್ಸಾಸ್ ರಾಗ: "ಸಾ...ರೀ, ಪಾರ್ಟ್ನರ್!" ಗುರು ಡಬ್ಬ ಕೆಳಗಿಡಲಿಲ್ಲ.

"ಮ್ಯಾನೇಜರ್ ನನಗೇನೂ ಮಾಡಿಲ್ಲರಿ. ತಪ್ಪು ಮಾಡಿದಾವ ಮನ್ಯಾಗಿದ್ರ ಕರೀರಿ."