ದಿನಪತ್ರಿಕೆಯ ಮೇಜಿನಿಂದ ಬೇವಿನ ಮರಕ್ಕೆ ವರ್ಗವಾದವನ ಅಹವಾಲು

ಶ್ರೀಮತಿ ವೇದಾವತಿಯವರಿಗೆ,
ಮೇಲ್ವಿಚಾರಕರು, ನಮ್ಮೂರ ಗ್ರಂಥಾಲಯ,
ಐ.ಡಿ.ಹಳ್ಳಿ ಹೋಬಳಿ, ಮಧುಗಿರಿ ತಾಲ್ಲೂಕು.

ಮಾನ್ಯರೇ,

ತಮಗೂ, ತಮ್ಮ ಮೇಜಿನ ಮೇಲಿರುವ ಹಾಜರಿ ಪುಸ್ತಕಕ್ಕೂ, ಆ ಪುಸ್ತಕಕ್ಕೆ ದಾರದಿಂದ ಕಟ್ಟಿಹಾಕಿರುವ ಪೆನ್ನಿಗೂ ನನ್ನ ಅನಂತ ನಮಸ್ಕಾರಗಳು. ನಾನು ಇತ್ತ ಬೇವಿನ ಮರದ ಕೆಳಗೆ ಕ್ಷೇಮವಾಗಿದ್ದೇನೆ. ತಾವು ಅತ್ತ ಫ್ಯಾನಿನ ಕೆಳಗೆ ಕ್ಷೇಮವಾಗಿರುವುದು ಕಿಟಕಿಯಲ್ಲೇ ಕಾಣುತ್ತಿರುವುದರಿಂದ ಪ್ರತ್ಯೇಕವಾಗಿ ವಿಚಾರಿಸುತ್ತಿಲ್ಲ.

ತಾವು ಗ್ರಂಥಾಲಯದ ಬಾಗಿಲಿಗೆ ಅಂಟಿಸಿರುವ "ದೇಶದ ವಿಚಾರ ಮಾತನಾಡುವವರು ದಯವಿಟ್ಟು ಹೊರಗೆ ಬೇವಿನ ಮರದ ಕೆಳಗೆ ಕುಳಿತುಕೊಳ್ಳಿ" ಎಂಬ ಹಾಳೆಯನ್ನು ಓದಿ ಧನ್ಯನಾದೆ. ಅಕ್ಷರ ದುಂಡಗಿದೆ, 'ದಯವಿಟ್ಟು' ಎಂಬ ಪದವನ್ನು ಬಿಟ್ಟಿಲ್ಲ, ಯಾರ ಹೆಸರನ್ನೂ ಬರೆದು ಅವಮಾನಿಸಿಲ್ಲ. ಆದರೆ ಹೆಸರಿಲ್ಲದ ಆ ಹಾಳೆಯನ್ನು ಓದಿದ ಊರಿನ ಪ್ರತಿಯೊಬ್ಬನೂ "ಇದು ಯಾರಿಗೆ?" ಎಂದು ಕೇಳದೆ ನೇರವಾಗಿ ನನ್ನ ಮುಖವನ್ನೇ ನೋಡಿದ್ದರಿಂದ, ಈ ಪತ್ರವನ್ನು ಬಹಿರಂಗವಾಗಿಯೇ ಬರೆಯಬೇಕಾಯಿತು.

ನನ್ನ ಯೋಗ್ಯತೆ ತಮಗೆ ತಿಳಿಯದ್ದಲ್ಲ. ಮೂವತ್ತೊಂದು ವರ್ಷ ಮಧುಗಿರಿ ಬಸ್ ನಿಲ್ದಾಣದಲ್ಲಿ ಸಂಚಾರ ನಿಯಂತ್ರಕನಾಗಿದ್ದು, ಮೈಕು ಕೆಟ್ಟ ದಿನಗಳಲ್ಲೂ ಕೊರಟಗೆರೆ, ಶಿರಾ, ಪಾವಗಡದ ಬಸ್ಸುಗಳನ್ನು ಬರೀ ಗಂಟಲಿನಿಂದಲೇ ಹೊರಡಿಸಿದವನು ನಾನು. ಸರ್ಕಾರ ನನ್ನನ್ನು ನಿವೃತ್ತಿಗೊಳಿಸಿತು, ಗಂಟಲನ್ನು ನಿವೃತ್ತಿಗೊಳಿಸುವುದನ್ನು ಮರೆಯಿತು. ಕೂಗಲು ಬಸ್ಸಿಲ್ಲದೆ ತಳಮಳಿಸುತ್ತಿದ್ದ ಆ ಗಂಟಲನ್ನು ಕಳೆದ ಹನ್ನೆರಡು ವರ್ಷಗಳಿಂದ ತಮ್ಮ ಗ್ರಂಥಾಲಯದ ಪತ್ರಿಕೆಯ ಮೇಜಿನಲ್ಲಿ ದೇಶಸೇವೆಗೆ ಮುಡಿಪಾಗಿಟ್ಟಿದ್ದೇನೆ. ಈ ಅವಧಿಯಲ್ಲಿ ಹಣಕಾಸಿನ ಇಲಾಖೆ ನನ್ನ ಸಲಹೆ ಕೇಳದೆಯೇ ಹನ್ನೆರಡು ಬಜೆಟ್ಟುಗಳನ್ನು ಮಂಡಿಸಿತು. ನಾನು ಬೇಸರಿಸಿಕೊಳ್ಳದೆ ಹದಿಮೂರನೆಯದಕ್ಕೂ ಸಲಹೆ ಸಿದ್ಧಪಡಿಸಿದೆ. ಲೋಕಸಭೆ ಚುನಾವಣೆಗಳ ಫಲಿತಾಂಶವನ್ನು ಮೂರು ಸಲವೂ ಮುಂಚಿತವಾಗಿ ಹೇಳಿ ಮೂರು ಸಲವೂ ತಪ್ಪಿದೆ. ಇದರಿಂದ ನನಗೆ ನಷ್ಟವಾಗಿಲ್ಲ, ಏಕೆಂದರೆ ನಾನು ಹೇಳಿದ್ದಕ್ಕೆ ತದ್ವಿರುದ್ಧ ನಡೆಯುತ್ತದೆಂಬ ನಂಬಿಕೆಯಿಂದ ಊರಿನವರು ಇಂದಿಗೂ ನನ್ನ ಅಭಿಪ್ರಾಯವನ್ನು ತಪ್ಪದೆ ಕೇಳುತ್ತಾರೆ.

ನನ್ನ ಪ್ರತಿಪಕ್ಷವಾದ ಬೋರಪ್ಪನನ್ನೂ ತಾವು ಬಲ್ಲಿರಿ. ನಲವತ್ತು ವರ್ಷದ ಹಿಂದೆ ಪಾವಗಡದ ಕಡೆಯಿಂದ ಮನೆಅಳಿಯನಾಗಿ ಬಂದು ಹಿಟ್ಟಿನ ಗಿರಣಿ ಇಟ್ಟವನು. ಕೋಪ ಬಂದರೆ ಗಡಿ ದಾಟಿ ತೆಲುಗಿಗೆ ಹೋಗಿಬಿಡುತ್ತಾನೆ. ಬಸ್ಸಿನ ಸದ್ದಿನ ಮೇಲೆ ಕೂಗಿ ಬೆಳೆದ ಒಬ್ಬ, ಗಿರಣಿಯ ಸದ್ದಿನ ಮೇಲೆ ಕೂಗಿ ಬೆಳೆದ ಇನ್ನೊಬ್ಬ ಎದುರುಬದುರಾಗಿ ಕುಳಿತು ರೂಪಾಯಿಯ ಬೆಲೆ ಕುಸಿತವನ್ನು ಚರ್ಚಿಸಿದರೆ ಪಕ್ಕದಲ್ಲಿ ಓದುವವರ ಗತಿಯೇನು ಎಂದು ತಾವು ಒಮ್ಮೆ ಮೆತ್ತಗೆ ಕೇಳಿದ್ದಿರಿ. ಆಗ ನಾನು, ರೂಪಾಯಿಯ ಗತಿಗಿಂತ ಅದೇನೂ ಹೀನವಲ್ಲವೆಂದು ಉತ್ತರಿಸಿದ್ದೆ. ಆ ಉತ್ತರ ಆ ದಿನ ನನಗೆ ಬಹಳ ಚೆನ್ನಾಗಿ ಕಂಡಿತ್ತು.

ಈಗ ಜೂನ್ ತಿಂಗಳ ಆ ಸೋಮವಾರಕ್ಕೆ ಬರುತ್ತೇನೆ. ಪತ್ರಿಕೆಯಲ್ಲಿ ಚೀನಾ ಗಡಿಯ ಸುದ್ದಿ ದಪ್ಪಕ್ಷರದಲ್ಲಿ ಬಂದಿತ್ತು. ನಮ್ಮ ಸೈನ್ಯ ಯಾವ ಗುಡ್ಡದ ಮೇಲೆ ನಿಲ್ಲಬೇಕೆಂಬುದನ್ನು ಬಾಯಲ್ಲಿ ಹೇಳಿದರೆ ಬೋರಪ್ಪನ ತಲೆಗೆ ಹತ್ತದ ಕಾರಣ, ಸೂಚನಾ ಫಲಕದಲ್ಲಿದ್ದ ಒಂದು ಹಾಳೆಯನ್ನು ಕಿತ್ತು, ಪಕ್ಕದಲ್ಲಿ ಪೊಲೀಸ್ ಪರೀಕ್ಷೆಗೆ ಓದುತ್ತಿದ್ದ ತೇಜಸ್ವಿನಿಯ ಪೆನ್ನು ತೆಗೆದುಕೊಂಡು, ಹಾಳೆಯ ಹಿಂಬದಿಯಲ್ಲಿ ದೇಶದ ಗಡಿಯನ್ನು ಬರೆದು ತೋರಿಸಿದೆ. ಬೋರಪ್ಪ ಅದನ್ನು ನೋಡಿ, "ಲೇ ರಂಗಪ್ಪಾ, ಗುಡ್ಡನೆಲ್ಲಾ ಅವರ ಕಡೀಕೆ ಹಾಕ್ಬುಟ್ಟಿದೀಯಲ್ಲ ಕಣ್ಲಾ! ಏಮಪ್ಪಾ ಇದಿ, ದೇಶ ಏನು ನಿಮ್ಮಪ್ಪನ ಹೊಲವಾ, ಹಂಚ್ಬುಡಕ್ಕೆ?" ಎಂದು ಕಿತ್ತುಕೊಂಡ. ನಾನು ಬಿಡಲಿಲ್ಲ. ಹಾಳೆ ಎರಡಾಯಿತು. ತೇಜಸ್ವಿನಿ ಎದ್ದು ಪುಸ್ತಕಗಳನ್ನು ಚೀಲಕ್ಕೆ ತುಂಬಿಕೊಂಡು, "ತಾತ, ನಾನು ಮನೇಲೇ ಓದ್ಕೊತೀನಿ ಬುಡಿ" ಎಂದು ಹೊರಟುಹೋದಳು. ದೊಡ್ಡವರ ಚರ್ಚೆಗೆ ಜಾಗ ಬಿಟ್ಟುಕೊಟ್ಟ ಆ ಹುಡುಗಿಯ ಸಂಸ್ಕಾರವನ್ನು ನಾನು ಬೋರಪ್ಪನ ಮುಂದೆ ಹೊಗಳಿದೆ. ಅವಳು ಪೆನ್ನನ್ನು ವಾಪಸು ಕೇಳದೆ ಹೋದದ್ದನ್ನೂ ಸಂಸ್ಕಾರವೆಂದೇ ತಿಳಿದೆ.

ಅದೇ ವಾರದ ಶುಕ್ರವಾರ ಹನ್ನೊಂದು ಗಂಟೆಗೆ ನಾವಿಬ್ಬರು ಅದೇ ಮೇಜಿನ ಮುಂದೆ ಕುಳಿತು, ಸಂಸತ್ತಿಗೆ ಸದಸ್ಯರು ಸರಿಯಾಗಿ ಹಾಜರಾಗುವುದಿಲ್ಲವೆಂಬ ಗಂಭೀರ ವಿಷಯವನ್ನು ಚರ್ಚಿಸುತ್ತಿದ್ದೆವು. ಹಾಜರಾಗದವರಿಗೆ ಓಟು ಕೇಳುವ ಹಕ್ಕಿಲ್ಲವೆಂಬ ವಿಷಯದಲ್ಲಿ ಹನ್ನೆರಡು ವರ್ಷಗಳಲ್ಲಿ ಮೊದಲ ಬಾರಿಗೆ ನಾನೂ ಬೋರಪ್ಪನೂ ಒಮ್ಮತಕ್ಕೆ ಬಂದಿದ್ದೆವು. ಶಾಲೆಯ ಬಯಲಿನಿಂದ ಮೈಕಿನಲ್ಲಿ ಯಾರೋ ಏನೋ ಓದುತ್ತಿದ್ದ ಸದ್ದು ನಮ್ಮ ಮಾತಿಗೆ ಅಡ್ಡ ಬರುತ್ತಿದ್ದುದರಿಂದ ಎದ್ದುಹೋಗಿ ಕಿಟಕಿ ಮುಚ್ಚಿದವನು ನಾನೇ.

ಅದು ಗ್ರಾಮಸಭೆಯೆಂಬುದು ಒಂದೂವರೆಗೆ ತಾವು ಹಿಂತಿರುಗಿದಾಗ ತಿಳಿಯಿತು. ತಾವು ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡುವ ಅಭ್ಯಾಸ ನನಗಿದೆ. ತಾವು ಅಂಟುಪಟ್ಟಿ ಹಚ್ಚಿ ಜೋಡಿಸಿದ ಆ ಎರಡು ತುಂಡುಗಳನ್ನು, ನನ್ನ ನಕ್ಷೆ ಕೆಳಗಾಗುವಂತೆ ಮಗುಚಿ ಮೇಜಿನ ಮೇಲಿಟ್ಟಿರಿ. ಗ್ರಾಮಸಭೆಯ ತಿಳುವಳಿಕೆ ಪತ್ರ. ನಾಲ್ಕನೆಯ ವಿಷಯ: ಗ್ರಂಥಾಲಯದ ಕೊಠಡಿಯನ್ನು ಗೊಬ್ಬರದ ಅಂಗಡಿಗೆ ಬಾಡಿಗೆಗೆ ಕೊಟ್ಟು, ಗ್ರಂಥಾಲಯವನ್ನು ಊರ ಹೊರಗಿನ ಕ್ರಾಸಿನಲ್ಲಿರುವ, ಕಿಟಕಿಯಿಲ್ಲದ ಹಳೆಯ ಕೋಣೆಗೆ ಸಾಗಿಸುವುದು.

"ಪಾಸಾಯ್ತು ಅಣ್ಣಾ," ಎಂದಿರಿ. "ಓದೋರು ಯಾರಾದ್ರೂ ಬಂದವ್ರಾ ಅಂತ ಕೇಳಿದ್ರು. ನಾನೊಬ್ಳೇ ಕೈ ಎತ್ತಿದೆ. ಕೆಲಸದೋರ ಕೈ ಲೆಕ್ಕಕ್ಕಿಲ್ಲ ಅಂದ್ರು."

ನಮಗೆ ಮೊದಲೇ ಹೇಳಬಾರದಿತ್ತೇ ಎಂದು ನಾನು ಕೇಳಿದ್ದಕ್ಕೆ ತಾವು, "ಎರಡು ಸಲ ಬಂದು ಹೇಳ್ದೆ. ಆಗ ನೀವಿಬ್ರೂ ಚೀನಾ ಗಡೀಲಿದ್ರಿ" ಎಂದಿರಿ. ಆಮೇಲೆ ಮುಚ್ಚಿದ್ದ ಕಿಟಕಿಯನ್ನು ತೆರೆದು, ಪತ್ರಿಕೆಗಳನ್ನು ಮಡಚಿ ಎತ್ತಿಟ್ಟು, ಒಂದು ಬಿಳಿ ಹಾಳೆ ತೆಗೆದುಕೊಂಡು, ಈಗ ಬಾಗಿಲ ಮೇಲಿರುವುದನ್ನು ಬರೆಯಲು ಕುಳಿತಿರಿ.

ನಕ್ಷೆ ಬರೆದದ್ದು ನಾನೆಂದು ಬೋರಪ್ಪನೂ, ಹರಿದದ್ದು ಅವನೆಂದು ನಾನೂ ಮರದ ಕೆಳಗೆ ಅರ್ಧ ಗಂಟೆ ವಾದಿಸಿ, ಮಾತು ಬಿಟ್ಟು ಮನೆಗೆ ಹೋದೆವು. ಹೆಂಡತಿ ಗಂಗರತ್ನಮ್ಮನ ಹತ್ತಿರ, ನಮ್ಮ ವಾರ್ಡಿನ ಪಂಚಾಯಿತಿ ಸದಸ್ಯ ಯಾರೋ ಅವನನ್ನು ಹಿಡಿದು ಕೇಳುತ್ತೇನೆಂದು ಗುಡುಗಿದೆ. ಅವಳು ಸೊಪ್ಪು ಸೋಸುತ್ತಿದ್ದವಳು ನಿಲ್ಲಿಸಿ ನನ್ನನ್ನು ನೋಡಿದಳು. "ದಿನಾ ಬೆಳಗ್ಗೆ ನಿಮ್ ಕೈಗೆ ಹಾಲು ಕೊಟ್ಟು ಹೋಯ್ತಾಳಲ್ಲ ಚಿಕ್ಕಲಕ್ಷ್ಮಮ್ಮ, ಅವಳೇ ಕಣ್ರೀ ಮೆಂಬ್ರು. ಮೂರು ವರ್ಷ ಮೇಲಾಯ್ತು. ಅಮೆರಿಕಾದಾಗೆ ಯಾರ್ ಗೆದ್ರು ಅಂತ ಬೀದಿಗೆಲ್ಲ ಹೇಳ್ಕೊಂಡು ಬಂದ್ರಿ, ಪಕ್ಕದ್ಮನೇಲಿ ಯಾರು ಗೆದ್ರು ಅಂತ ಗೊತ್ತಿಲ್ವಾ?"

ಮಾನ್ಯರೇ, ಆ ಓಟನ್ನು ನಾನೂ ಹಾಕಿದ್ದೆ. ಆದರೆ ಆವತ್ತು ಮನಸ್ಸು ಬೇರೊಂದು ರಾಜ್ಯದ ಫಲಿತಾಂಶದಲ್ಲಿತ್ತು.

ಮರುದಿನ ಬೆಳಗ್ಗೆ ಹಾಲಿನ ಪಾತ್ರೆ ಹಿಡಿದು, ಮಾನ್ಯ ಸದಸ್ಯರನ್ನು ಮೊದಲ ಬಾರಿಗೆ ಸದಸ್ಯರೆಂದು ತಿಳಿದು ಎದುರುಗೊಂಡೆ. ಚಿಕ್ಕಲಕ್ಷ್ಮಮ್ಮ ಹಾಲು ಅಳೆಯುತ್ತಲೇ, "ನಾನೂ ಕೈ ಎತ್ಬುಟ್ಟೆ ಕಣಣ್ಣಾ. ಓದೋರಿಗೆ ಬೇಕಾಗಿದ್ರೆ ಬತ್ತಿದ್ರು ಅಂದ್ಕೊಂಡೆ. ಊರೋರು ಸಹಿ ಹಾಕಿ ಅರ್ಜಿ ಕೊಟ್ರೆ ಇನ್ನೊಂದು ಸಭೆ ಕರೀತಾರೆ. ಮನೆಮನೆ ತಿರುಗೋಕೆ ಜನ ಬೇಕು, ಅಷ್ಟೆಯಾ" ಎಂದಳು. ನನಗೆ ಗೊತ್ತಿದ್ದ ಜನವೆಂದರೆ ಬೋರಪ್ಪನೊಬ್ಬನೇ.

ರಾಗಿ ಚೀಲವೊಂದನ್ನು ನೆಪಕ್ಕೆ ಹೊತ್ತುಕೊಂಡು ಗಿರಣಿಗೆ ಹೋದೆ. ನನ್ನನ್ನು ಕಂಡೊಡನೆ ಬೋರಪ್ಪ ಕಾಳು ಹಾಕದೆಯೇ ಗಿರಣಿ ಶುರು ಮಾಡಿದ, ನನ್ನ ಮಾತು ಕೇಳಿಸದಿರಲೆಂದು. ಬಸ್ ನಿಲ್ದಾಣದ ಗಂಟಲಿನಲ್ಲಿ ವಿಷಯವನ್ನೆಲ್ಲ ಕೂಗಿ ಹೇಳಿದೆ. ಕೊನೆಗೆ ಅವನು ಗಿರಣಿ ಆರಿಸಿ, ಹಿಟ್ಟಿನ ಕೈ ಒರೆಸಿಕೊಂಡು, "ಆ ಗುಡ್ಡ ನಮ್ದೇ ಅಂತ ಒಪ್ಕೊಂತೀಯಾ?" ಎಂದ. ಒಪ್ಪಿಕೊಂಡೆ. "ಸರೆ, ನಡಿ" ಎಂದು ಚಪ್ಪಲಿ ಮೆಟ್ಟಿಕೊಂಡ. ನಾನು ಬಲ್ಲ ಗಡಿ ಒಪ್ಪಂದಗಳಲ್ಲಿ ಇಷ್ಟು ಬೇಗ ಮುಗಿದದ್ದು ಇದೊಂದೇ.

ಒಂಬತ್ತು ದಿನ ತಿರುಗಿದೆವು. ಇಡೀ ದೇಶದ ನಾಡಿಮಿಡಿತ ಬಲ್ಲ ನಮಗೆ ಹಿಂದಿನ ಬೀದಿಗೆ ಯಾವ ಸಂದಿಯಿಂದ ಹೋಗಬೇಕೆಂಬುದು ತಿಳಿಯದೆ ಎರಡು ಸಲ ಒಂದೇ ಹಿತ್ತಿಲಿಗೆ ನುಗ್ಗಿ ಒಂದೇ ನಾಯಿಯಿಂದ ಓಡಿಸಿಕೊಂಡೆವು. ತೇಜಸ್ವಿನಿಯ ಅಜ್ಜಿ ದಾಸಮ್ಮ ಬಾಗಿಲಲ್ಲಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಓ, ಆ ಗಂಟ್ಲು ನಿಂದೇನಾ? ದಿನಾ ಕೇಳ್ತಿದ್ದೆ, ಮಕ ಇವತ್ತು ನೋಡ್ದೆ ಕಣಪ್ಪ" ಎಂದು ಹೆಬ್ಬೆಟ್ಟು ಒತ್ತಿದಳು. ಒಂದೇ ಕೋಣೆಯ ಮನೆ. ಟೀವಿ ಹಾಕಿತ್ತು. ಕಿವಿಗೆ ಹತ್ತಿ ತುರುಕಿಕೊಂಡು, ಮೂಟೆಗಳ ಸಂದಿಯಲ್ಲಿ ಮೊಣಕಾಲ ಮೇಲೆ ಪುಸ್ತಕವಿಟ್ಟುಕೊಂಡು ತೇಜಸ್ವಿನಿ ಓದುತ್ತಿದ್ದಳು. ಹತ್ತಿ ತೆಗೆದು ಅರ್ಜಿಯನ್ನು ಪೂರ್ತಿ ಓದಿದಳು. ಅಷ್ಟು ಮನೆಗಳಲ್ಲಿ ಅದನ್ನು ಪೂರ್ತಿ ಓದಿದವಳು ಅವಳೊಬ್ಬಳೇ. ಸಹಿ ಹಾಕುವ ಮುಂಚೆ, "ತಾತ, ರೂಮು ಉಳುದ್ರೆ ನೀವಿಬ್ರೂ ಅಲ್ಲೇ ಕೂತ್ಕೊಂತೀರಾ?" ಎಂದು ಕೇಳಿದಳು. ಅವಳು ಕುಹಕವಾಡಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದಳು. ಎಲ್ಲ ಪ್ರಶ್ನೆಗೂ ಉತ್ತರವಿರುವ ನಾನು ಬೋರಪ್ಪನ ಕಡೆ ನೋಡಿದೆ. ಅವನು ಸೂರು ನೋಡುತ್ತಿದ್ದ. ಅವಳು ಸಹಿ ಹಾಕಿ, ಮತ್ತೆ ಹತ್ತಿ ತುರುಕಿಕೊಂಡಳು.

ವಿಶೇಷ ಗ್ರಾಮಸಭೆಯ ದಿನ ಶಾಲೆಯ ಬಯಲು ತುಂಬಿತ್ತು. ಅರ್ಜಿದಾರರು ಮಾತನಾಡಬಹುದೆಂದಾಗ ನಾನು ಎದ್ದು, ಮೈಕು ಬೇಡವೆಂದು ಸರಿಸಿ, "ಈ ದೇಶಕ್ಕೆ ಸ್ವಾತಂತ್ರ್ಯ ಬಂದಾಗಿನಿಂದ..." ಎಂದು ಶುರು ಮಾಡಿದೆ. ಬೋರಪ್ಪ ಹಿಂದಿನಿಂದ ಅಂಗಿ ಜಗ್ಗಿ, "ಲೇ, ರೂಮಿನ ತಾವಕ್ಕೆ ಬಾ ಕಣ್ಲಾ!" ಎಂದ. ಸಭೆ ನಕ್ಕಿತು. ರೂಮಿನ ಹತ್ತಿರಕ್ಕೆ ಬಂದೆ. ಎರಡನೆಯ ಸಾಲಿನಲ್ಲಿ ತೇಜಸ್ವಿನಿ ಕುಳಿತಿದ್ದಳು. "ನಾನು ಹನ್ನೆರಡು ವರ್ಷದಿಂದ ದಿನಾ ಅಲ್ಲಿಗೆ ಹೋಗ್ತೀನಿ, ಓದಕ್ಕಲ್ಲ," ಎಂದೆ. "ಓದೋ ಹುಡುಗಿ ನಮ್ಮಿಂದ ಎದ್ದೋದ್ಲು. ಸಭೆ ಐತೆ ಅಂತ ಗೋಡೆ ಮೇಲಿದ್ದ ಕಾಗದ ಕಿತ್ತವನೂ ನಾನೇ. ರೂಮು ನಮಗಲ್ಲ, ಅವಳಿಗೆ ಬೇಕು." ಹಿಂದಿನ ಸಾಲಿನವರು, "ಏನೂ ಕೇಳಿಸ್ತಿಲ್ಲ, ಜೋರಾಗಿ!" ಎಂದು ಕೂಗಿದರು. ನನ್ನ ಜೀವಮಾನದಲ್ಲಿ ನನಗೆ ಹಾಗೆ ಹೇಳಿದವರು ಅವರೇ ಮೊದಲು. ಜೋರಾಗಿ ಹೇಳಲು ಆಗಲಿಲ್ಲ, ಕುಳಿತುಬಿಟ್ಟೆ. ಆಮೇಲೆ ತೇಜಸ್ವಿನಿ ಎದ್ದು, ಸಂಜೆ ಕ್ರಾಸಿನವರೆಗೆ ಒಬ್ಬಳೇ ನಡೆದು ಹೋಗಿ ಬರಲು ಮನೆಯಲ್ಲಿ ಬಿಡುವುದಿಲ್ಲವೆಂದೂ, ತನ್ನಂಥವರು ಊರಿನಲ್ಲಿ ಇನ್ನೂ ಏಳು ಜನರಿದ್ದಾರೆಂದೂ ಮೈಕಿನಲ್ಲಿ ಹೇಳಿ ಕುಳಿತಳು. ಮೊದಲು ಚಿಕ್ಕಲಕ್ಷ್ಮಮ್ಮನ ಕೈ ಎದ್ದಿತು. ಆಮೇಲೆ ಎಣಿಸುವುದನ್ನು ಬಿಟ್ಟರು.

ಕೊಠಡಿ ಉಳಿಯಿತು. ಸಭೆ ಅಲ್ಲಿಗೇ ಮುಗಿದಿದ್ದರೆ ಈ ಪತ್ರ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಆದರೆ ತಾವು ಎದ್ದುನಿಂತು, ಗ್ರಂಥಾಲಯದೊಳಗೆ ಮೌನ ಪಾಲಿಸತಕ್ಕದ್ದೆಂದೂ, ಚರ್ಚೆಯೇನಿದ್ದರೂ ಬೇವಿನ ಮರದ ಕೆಳಗೆಂದೂ ಒಂದು ನಿರ್ಣಯ ಮಂಡಿಸಿದಿರಿ. ಗೆದ್ದ ಹುರುಪಿನಲ್ಲಿದ್ದ ನಾನು ವಿಷಯವನ್ನು ಕೇಳಿಸಿಕೊಳ್ಳದೆ ಎರಡೂ ಕೈ ಎತ್ತಿದೆ. ನಿರ್ಣಯದ ಕೆಳಗೆ ಅನುಮೋದಕನೆಂದು ಮೊದಲ ಸಹಿಯೂ ನನ್ನದೇ. ಹೀಗೆ ತಮ್ಮ ಒಂದು ಹಾಳೆ ಊರಿನ ಕಾನೂನಾಯಿತು. ಮೇಲ್ಮನವಿ ಸಲ್ಲಿಸೋಣವೆಂದರೆ ಎದುರು ಪಕ್ಷದಲ್ಲಿ ನಾನೇ ಇದ್ದೇನೆ.

ಆದಕಾರಣ ನನ್ನ ವಿನಮ್ರ ಬೇಡಿಕೆಗಳಿಷ್ಟು. ಬೇವಿನ ಮರವನ್ನು ಗ್ರಂಥಾಲಯದ ಮೇಲ್ಮನೆಯೆಂದು ಘೋಷಿಸಿ, ಹಿರಿಯರಾದ ನಮ್ಮಿಬ್ಬರನ್ನು ಅದಕ್ಕೆ ಅವಿರೋಧವಾಗಿ ನಾಮನಿರ್ದೇಶನ ಮಾಡಬೇಕು. ಹಿಂದಿನ ದಿನದ ಪತ್ರಿಕೆಯನ್ನಾದರೂ ಕಿಟಕಿಯಿಂದ ದಯಪಾಲಿಸಬೇಕು. ನಮ್ಮ ಅಭಿಪ್ರಾಯಗಳು ಒಂದು ದಿನ ಹಳೆಯದಾದರೂ ಕೆಡುವಂಥವಲ್ಲ. ಕಾಗೆಗಳು ಮಧ್ಯೆ ಬಾಯಿ ಹಾಕದಂತೆ ಅವಕ್ಕೂ ಒಂದು ನಿರ್ಣಯ ಅಂಟಿಸಬೇಕು. ಇನ್ನು ಆ ಪೆನ್ನನ್ನು ನಾನೇ ಕೊಡಲು ಹೋದರೆ ಓದು ಕೆಡುತ್ತದಾದ್ದರಿಂದ, ಈ ಪತ್ರದ ಜೊತೆ ಕಳಿಸಿದ್ದೇನೆ, ತೇಜಸ್ವಿನಿಗೆ ತಲುಪಿಸಬೇಕು. ಹೊಸ ಕಡ್ಡಿ ಹಾಕಿಸಿದ್ದೇನೆ.

ಇಂತಿ, ಹೊರಗಿದ್ದೇ ಬೆಂಬಲ ನೀಡುತ್ತಿರುವ
ತಮ್ಮ ವಿಶ್ವಾಸಿ,
ದೊಡ್ಡರಂಗಪ್ಪ

ತಾ.ಕ.: ಮೂರನೆಯ ಬೀದಿಯ ನಲ್ಲಿ ಒಂಬತ್ತು ದಿನಗಳಿಂದ ಸೋರುತ್ತಿದೆ. ಇದು ವಾಷರಿನ ದೋಷವೆಂದು ನಾನೂ, ಪೈಪಿನ ದೋಷವೆಂದು ಬೋರಪ್ಪನೂ ಮೂರು ದಿನಗಳಿಂದ ಹೋರಾಡುತ್ತಿದ್ದೇವೆ. ತಮ್ಮ ಹಾಳೆಯಲ್ಲಿರುವುದು 'ದೇಶದ ವಿಚಾರ' ಎಂದು ಮಾತ್ರ; ನಲ್ಲಿಯಾದರೋ ಶುದ್ಧ ಊರಿನ ವಿಚಾರ. ಹೊರಗೆ ಬಿಸಿಲು ಜಾಸ್ತಿಯಾಗಿದೆ. ನಾವು ಒಳಗೆ ಬರಬಹುದೇ, ಅಥವಾ ಅದಕ್ಕೂ ನಾನೇ ಕೈ ಎತ್ತಿದ್ದೇನೆಯೇ, ದಯವಿಟ್ಟು ನಡಾವಳಿ ಪುಸ್ತಕ ನೋಡಿ ತಿಳಿಸುವುದು.