ಹಸು ಯಾರದು, ಹಾಲು ಯಾರದು

ಕೆ.ಆರ್. ಪೇಟೆಯ ಕಾಲೇಜೊಂದರಲ್ಲಿ ಬಿ.ಎ. ಮಕ್ಕಳಿಗೆ ಅರ್ಥಶಾಸ್ತ್ರ ಹೇಳಿಕೊಡುವವಳು ನಾನು. ಬೇರೆ ಪಾಠಗಳು ಬಂದ ಹಾಗೇ ಹೋಗುತ್ತವೆ. ಐತಿಹಾಸಿಕ ಭೌತವಾದ ಮಾತ್ರ ಏನಾದರೊಂದು ಎಡವಟ್ಟು ಮಾಡದೆ ಮುಗಿಯುವುದಿಲ್ಲ. ಕೆಳಗಿನ ಮೂರು ಪ್ರಸಂಗಗಳೂ ಒಂದೇ ವರ್ಷದವು.

೧. ಆಲೆಮನೆಯಲ್ಲಿ

ಬಂಡವಾಳಶಾಹಿ ಉತ್ಪಾದನೆಯ ಆಂತರಿಕ ವೈರುಧ್ಯದ ಬಗ್ಗೆ ಎರಡು ಪೀರಿಯಡ್ಡು ಮಾತಾಡಿದರೂ ಮಕ್ಕಳ ಮುಖದಲ್ಲಿ ಬೆಳಕು ಕಾಣಲಿಲ್ಲ. ಕಣ್ಣಾರೆ ನೋಡಲಿ ಅಂತ ಪಾಂಡವಪುರದ ಕಡೆಯ ಒಂದು ಆಲೆಮನೆಗೆ ಕರೆದುಕೊಂಡು ಹೋದೆ. ಕಬ್ಬಿನ ಹಾಲು ಕುದಿಯುತ್ತಿದ್ದ ಕೊಪ್ಪರಿಗೆಯ ಪಕ್ಕ ನಿಂತು ಮತ್ತೆ ಅದನ್ನೇ ವಿವರಿಸಿದೆ. ಪ್ರತಿಯೊಬ್ಬನೂ ತನ್ನ ಲಾಭಕ್ಕೆ ಹೆಚ್ಚು ಹೆಚ್ಚು ತಯಾರಿಸುತ್ತಾನೆ, ಎಲ್ಲರೂ ಹಾಗೇ ಮಾಡಿದಾಗ ಸರಕು ಕೊಳ್ಳುವವರನ್ನು ಮೀರುತ್ತದೆ, ಕೊನೆಗೆ ಎಲ್ಲರೂ ಮುಗ್ಗರಿಸುತ್ತಾರೆ, ಹೀಗೆ.

ಆಲೆಮನೆಯ ಯಜಮಾನರು ಕೈಕಟ್ಟಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮಕ್ಕಳ ಕಡೆ ತಿರುಗಿ, "ಬೆಲ್ಲಕ್ಕೆ ರೇಟು ಬಂತು ಅಂತ ಎಲ್ರೂ ಕಬ್ಬು ನೆಟ್ಬುಟ್ರೆ, ಬೆಲ್ಲ ಕೇಳೋರೇ ಇರಕಿಲ್ಲ. ಅಷ್ಟೇ ಕಣ್ರಪ್ಪ" ಅಂದರು. ಇಡೀ ಕ್ಲಾಸು ತಲೆಯಾಡಿಸಿತು. ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು ಬಹಳ ಮರ್ಯಾದೆಯಿಂದ ಕೇಳಿದರು: "ಇದ್ಕೆ ನಿಮ್ಗೆ ತಿಂಗ್ಳಾ ತಿಂಗ್ಳಾ ಸಂಬ್ಳ ಕೊಡ್ತಾರಾ ಮೇಡಮ್ಮಾರೆ?"

೨. ಉತ್ತರಪತ್ರಿಕೆ

ಆ ಆಂತರಿಕ ವೈರುಧ್ಯದ ಬಗ್ಗೆಯೇ ಟೆಸ್ಟಿಗೆ ಒಂದು ಪ್ರಶ್ನೆ ಕೊಟ್ಟೆ. ನಾಗಮಂಗಲದಿಂದ ದಿನಾ ಬಸ್ಸಲ್ಲಿ ಬರುತ್ತಿದ್ದ ಒಬ್ಬ ವಿದ್ಯಾರ್ಥಿ ಬರೆದಿದ್ದ: "ಬಂಡವಾಳಶಾಹಿಯು ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಮೊದಲು ಇದಕ್ಕೆ ಬಹಳ ಕಾಲ ಹಿಡಿಯುತ್ತಿತ್ತು. ಈಗ ಜೆಸಿಬಿ ಇದೆ."

ಪೂರ್ತಿ ಅಂಕ ಕೊಟ್ಟೆ.

೩. ಕಿಕ್ಕೇರಿ ಕಡೆಯ ಕ್ರಾಂತಿ

ಉತ್ಪಾದನಾ ಸಾಧನ ಯಾರದೋ, ದುಡಿಮೆಯ ಫಲವೂ ಅವರದೇ, ದುಡಿದವರದಲ್ಲ ಅನ್ನುವಲ್ಲಿಗೆ ಪಾಠ ಬಂದಾಗ ಕಿಕ್ಕೇರಿ ಕಡೆಯ ಹುಡುಗಿಯೊಬ್ಬಳು ಎದ್ದು ನಿಂತಳು. ಮನೆಯಲ್ಲಿ ಎರಡು ಸೀಮೆಹಸು. ಹುಲ್ಲು ಕುಯ್ಯುವುದು, ಸಗಣಿ ಬಾಚುವುದು, ಹಾಲು ಕರೆಯುವುದು ಎಲ್ಲ ಅವ್ವ. ಡೈರಿ ಪಾಸ್‌ಬುಕ್ಕು ಮಾತ್ರ ಅಪ್ಪನ ಹೆಸರಲ್ಲಿ. "ಅಂಗಾದ್ರೆ ನಮ್ಮವ್ವ ಯಾವ ವರ್ಗ ಮಿಸ್?" ಅಂದಳು. ಒಳ್ಳೆ ಪ್ರಶ್ನೆ, ಮನೆಯಲ್ಲೇ ಕೇಳಮ್ಮ ಅಂದುಬಿಟ್ಟೆ. ಅಲ್ಲೇ ನಾನು ಕೆಟ್ಟೆ.

ನಾಲ್ಕನೇ ದಿನ ಅವಳ ಅಪ್ಪ ಕುಂಟಿಕೊಂಡು ಸ್ಟಾಫ್ ರೂಮಿಗೆ ಬಂದರು. ಮಗಳು ಪಾಠವನ್ನು ಅವ್ವನಿಗೆ ಒಂದಕ್ಷರ ಬಿಡದೆ ಒಪ್ಪಿಸಿದ್ದಳಂತೆ. ಅವ್ವ ಎಲ್ಲ ಕೇಳಿಸಿಕೊಂಡು, ಮಾರನೇ ಬೆಳಿಗ್ಗೆ ಹಾಲಿನ ಕ್ಯಾನನ್ನು ಗಂಡನ ಮುಂದಿಟ್ಟು, ನಿಮ್ಮ ಹಸ ನೀವೇ ಕರ್ಕೊಳಿ ಅಂತ ಜಗಲಿ ಮೇಲೆ ಕೂತರಂತೆ. ಹೊಸ ಕೈ ಒಪ್ಪದ ಹಸು ಒದ್ದಿತ್ತು. ಒದೆಗಿಂತ ಡೈರಿ ಸಾಲಿನಲ್ಲಿ ನಿಂತವರು ಖಾಲಿ ಕ್ಯಾನು ನೋಡಿ ನಕ್ಕಿದ್ದೇ ಅವರಿಗೆ ಹೆಚ್ಚು ನೋವಾಗಿತ್ತು. ಕೋಪ ತೋರಿಸಲಿಲ್ಲ, ಪಾಪ. "ಆ ಪಾಠ ಮುಗುದದಾ ಮೇಡಮ್ಮಾರೆ, ಇನ್ನೂ ಅದಾ?" ಅಂತಷ್ಟೇ ಕೇಳಿದರು. ಇನ್ನೂ ಎರಡು ಅಧ್ಯಾಯ ಇದೆ ಅಂದೆ. ಕುಂಟಿಕೊಂಡೇ ಎದ್ದು ಹೋದರು.

ಆ ವಾರವೇ ಪಾಸ್‌ಬುಕ್ಕನ್ನು ಹೆಂಡತಿಯ ಹೆಸರಿಗೆ ಮಾಡಿಸಿದರು ಅಂತ ಹುಡುಗಿ ಹೇಳಿದಳು. ಇಷ್ಟು ವರ್ಷದ ಪಾಠದಲ್ಲಿ ನಾನು ಕಂಡ ಒಂದೇ ಕ್ರಾಂತಿ ಅದು. ಒಂದೆರಡು ತಿಂಗಳು ನಾನು ನೆಲದ ಮೇಲೆ ನಡೆಯಲಿಲ್ಲ.

ಆಮೇಲೊಂದು ದಿನ ಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಆ ಹುಡುಗಿಯ ಅವ್ವನೇ ಸಿಕ್ಕಿ ಕೈ ಹಿಡಿದುಕೊಂಡರು. ಈಗ ಹಸುವೂ ನನ್ನದೇ, ಪಾಸ್‌ಬುಕ್ಕೂ ನನ್ನದೇ, ಹುಲ್ಲಿಗೆ ಸಗಣಿಗೆ ಗಂಡನನ್ನೇ ಹಚ್ಚಿದ್ದೇನೆ ಅಂದರು. ಮಾಡುತ್ತಾರಾ ಅಂತ ಕೇಳಿದೆ. ಚೆನ್ನಾಗೇ ಮಾಡುತ್ತಾರೆ ಅಂದವರು ಆಚೀಚೆ ನೋಡಿ ದನಿ ತಗ್ಗಿಸಿದರು.

"ಆ ಪಾಠ ಏನು ಅಂತ ತಾನೂ ಒಂದ್ಸಲ ಕೇಳ್ಬೇಕು ಅಂತಾವ್ರೆ ನಮ್ಮನೆಯೋರು. ಅವ್ರಿಗೆ ಮಾತ್ರ ಏಳ್ಕೊಡ್ಬ್ಯಾಡಿ ಮೇಡಮ್ಮಾರೆ."